ವಿಭಕ್ತಿ ಕಳೆದುಕೊಂಡ ಇಂಗ್ಲಿಷ್: ಪ್ರಿಪೊಸಿಷನ್‌ಗಳ ಹಿಂದಿನ ಕಥೆ

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಲ್ಲಿ ಬಹಳ ಜನರನ್ನು ಇಂಗ್ಲಿಷ್ ಪರೀಕ್ಷೆಯಲ್ಲಿ ಕಾಡಿದ್ದು ದೊಡ್ಡ ದೊಡ್ಡ ಪದಗಳಲ್ಲ. ಇನ್, ಆನ್, ಆಟ್, ಟು, ಫಾರ್, ಬೈ ಎಂಬ ಚೋಟುದ್ದದ ಪದಗಳು. ಬಿಟ್ಟ ಸ್ಥಳದಲ್ಲಿ ಯಾವುದನ್ನು ತುಂಬಬೇಕೆಂದು ತಿಳಿಯದೆ, 'ನಮ್ಮ ತಲೆಗೆ ಇಂಗ್ಲಿಷ್ ಹತ್ತುವುದಿಲ್ಲ' ಎಂದು ಕೈಚೆಲ್ಲಿದವರೂ ಉಂಟು. ಈ ಕಷ್ಟಕ್ಕೆ ಕಾರಣ ದಡ್ಡತನವಲ್ಲ, ಇಂಗ್ಲಿಷ್ ನಡೆದು ಬಂದ ದಾರಿ.

ಮೊದಲು ನಮ್ಮ ಭಾಷೆಯನ್ನೇ ನೋಡೋಣ. 'ಹತ್ತು ಗಂಟೆಗೆ ಪೇಟೆಗೆ ಹೋಗಿ ಮಗಳಿಗೆ ಪುಸ್ತಕ ತಂದೆ.' ಇಲ್ಲಿ ಮೂರು ಕಡೆಯೂ 'ಗೆ' ಎಂಬ ಒಂದೇ ಚತುರ್ಥಿ ಪ್ರತ್ಯಯವಿದೆ. ಇಂಗ್ಲಿಷಿನಲ್ಲಿ ಗಂಟೆಗೆ 'ಆಟ್', ಪೇಟೆಗೆ 'ಟು', ಮಗಳಿಗೆ 'ಫಾರ್' ಬೇಕು. ನಮ್ಮಲ್ಲಿ ಪದದ ಕೊನೆಗೆ ಅಂಟುವ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಪದದ ಮುಂದೆ ನಿಲ್ಲುವ ಬಿಡಿಪದ ಮಾಡುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ವಿವರಿಸಿದ ವಿಭಕ್ತಿಗಳ ವ್ಯವಸ್ಥೆ ರೂಪ ಬದಲಿಸಿಕೊಂಡು ಇಂದಿಗೂ ನಮ್ಮ ಬಾಯಲ್ಲಿದೆ.

ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿನಲ್ಲೂ ವಿಭಕ್ತಿಗಳಿದ್ದವು. ಆಗ 'ಸ್ಟಾನ್' ಎಂದರೆ ಕಲ್ಲು, 'ಸ್ಟಾನೆಸ್' ಎಂದರೆ ಕಲ್ಲಿನ, 'ಸ್ಟಾನೆ' ಎಂದರೆ ಕಲ್ಲಿಗೆ. ಪ್ರಿಪೊಸಿಷನ್‌ಗಳು ಆಗಲೂ ಇದ್ದವು, ಆದರೆ ಭಾರವೆಲ್ಲ ಅವುಗಳ ಮೇಲಿರಲಿಲ್ಲ. ಮುಂದೆ ಪದದ ಕೊನೆಯ ಸ್ವರಗಳ ಉಚ್ಚಾರ ಸವೆಯತೊಡಗಿತು. ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ಜೊತೆಗಿನ ಒಡನಾಟವೂ ಈ ಸವೆತವನ್ನು ಹೆಚ್ಚಿಸಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಆಸ್ಥಾನದ ಭಾಷೆ ಫ್ರೆಂಚ್ ಆಯಿತು. ಹಳೆಯ ಇಂಗ್ಲಿಷಿನ ಬರವಣಿಗೆಯ ಕಟ್ಟುಪಾಡು ಸಡಿಲಿತು. ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಕಾಲಕ್ಕೆ ನಾಮಪದಗಳ ವಿಭಕ್ತಿಗಳು ಬಹುಪಾಲು ಅಳಿದಿದ್ದವು. 'ರಾಮಾಸ್ ಬುಕ್' ಎನ್ನುವಾಗಿನ 'ಸ್' ಆ 'ಸ್ಟಾನೆಸ್' ರೂಪದ ಉಳಿಕೆ. ಉಳಿದ ಕೆಲಸವೆಲ್ಲ ಪದಗಳ ಕ್ರಮ ಮತ್ತು ಪ್ರಿಪೊಸಿಷನ್‌ಗಳ ಹೆಗಲಿಗೆ ಬಿತ್ತು.

ಇದ್ದ ಕೆಲವೇ ಪದಗಳು ಹತ್ತಾರು ಕೆಲಸ ಮಾಡಬೇಕಾಗಿ ಬಂದಾಗ ಅವುಗಳ ಅರ್ಥವೂ ಕದಲಿತು. ಇಂದು 'ಜೊತೆಗೆ' ಎಂಬ ಅರ್ಥವಿರುವ 'ವಿತ್' ಹಿಂದೆ 'ವಿರುದ್ಧ' ಎಂಬ ಅರ್ಥ ಕೊಡುತ್ತಿತ್ತು. ಎದುರಿಸಿ ನಿಲ್ಲು ಎನ್ನುವ 'ವಿತ್‌ಸ್ಟ್ಯಾಂಡ್' ಪದದಲ್ಲಿ ಆ ಅರ್ಥ ಉಳಿದಿದೆ. 'ಜೊತೆಗೆ' ಎನ್ನಲು ಆಗ ಇದ್ದ ಪದ 'ಮಿಡ್'. ಅದು ಮರೆಯಾಯಿತು, ಆದರೆ ಸೂಲಗಿತ್ತಿಯನ್ನು 'ಮಿಡ್‌ವೈಫ್', ಅಂದರೆ ತಾಯಿಯ ಜೊತೆಗಿರುವ ಹೆಂಗಸು, ಎನ್ನುವಾಗ ಅದು ಇನ್ನೂ ಬದುಕಿದೆ. ಒಂದು ಎಫ್‌ನ 'ಆಫ್', ಎರಡು ಎಫ್‌ನ 'ಆಫ್' ಮೂಲದಲ್ಲಿ ಒಂದೇ ಪದ. 'ಬಿಟ್ವೀನ್' ಪದದೊಳಗೆ 'ಎರಡು' ಎಂಬ ಸಂಖ್ಯೆಯೇ ಅಡಗಿದೆ. ಇಬ್ಬರಿದ್ದರೆ 'ಬಿಟ್ವೀನ್', ಹೆಚ್ಚು ಜನರಿದ್ದರೆ 'ಅಮಂಗ್' ಎಂದು ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಿರಬಹುದು. 'ಬೈ' ಎಂದರೆ ಮೊದಲು 'ಹತ್ತಿರ' ಎಂದಷ್ಟೇ. 1611ರ ಇಂಗ್ಲಿಷ್ ಬೈಬಲಿನಲ್ಲಿ, ನಾವು ಈಗ ಕರ್ಮಣಿ ಪ್ರಯೋಗದಲ್ಲಿ 'ಬೈ' ಹಾಕುವ ಎಷ್ಟೋ ಕಡೆ 'ಆಫ್' ಇದೆ.

ಈಗಲೂ ಎಲ್ಲ ಕಡೆ ಒಂದೇ ರೂಢಿಯಿಲ್ಲ. ವಾರಾಂತ್ಯಕ್ಕೆ ಬ್ರಿಟಿಷರು 'ಆಟ್' ಬಳಸಿದರೆ ಅಮೆರಿಕನ್ನರು 'ಆನ್' ಬಳಸುತ್ತಾರೆ, ಎರಡೂ ಸರಿಯೇ. ಆದರೆ ಕೆಲವು ಕಡೆ ಪದ ಬದಲಾದರೆ ಅರ್ಥವೇ ಬದಲಾಗುತ್ತದೆ. ನನ್ನ ಸಾಫ್ಟ್‌ವೇರ್ ಕೆಲಸದಿಂದಲೇ ಉದಾಹರಣೆ ಕೊಡುವುದಾದರೆ, 40 ಸೆಕೆಂಡು ಹಿಡಿಯುವ ಕೆಲಸ 'ರೆಡ್ಯೂಸ್ಡ್ ಬೈ 10' ಆದರೆ 30 ಸೆಕೆಂಡು ಹಿಡಿಯುತ್ತದೆ, 'ರೆಡ್ಯೂಸ್ಡ್ ಟು 10' ಆದರೆ ಹತ್ತೇ ಸೆಕೆಂಡು. ಕನ್ನಡದಲ್ಲೂ 'ಹತ್ತು ಸೆಕೆಂಡು ಇಳಿಯಿತು', 'ಹತ್ತು ಸೆಕೆಂಡಿಗೆ ಇಳಿಯಿತು' ಬೇರೆ ಬೇರೆಯಲ್ಲವೇ? ಅಲ್ಲಿ 'ಟು' ಮಾಡಿದ್ದನ್ನು ಇಲ್ಲಿ ನಮ್ಮ 'ಗೆ' ಮಾಡಿದೆ.

ಶಾಲೆಯ ಇಂದಿನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ: 'ಗೆ' ಎಂದರೆ 'ಟು', 'ಅಲ್ಲಿ' ಎಂದರೆ 'ಇನ್' ಎಂದು ಒಂದಕ್ಕೊಂದು ಜೋಡಿಸಿ ಉರು ಹೊಡೆಯಬೇಡಿ. 'ಡಿಪೆಂಡ್ ಆನ್', 'ಗುಡ್ ಆಟ್', 'ಮ್ಯಾರೀಡ್ ಟು' ಎಂದು ಜೋಡಿಯಾಗಿಯೇ ಕಲಿಯಿರಿ. ಒಂದೊಂದು ಜೋಡಿಯನ್ನೂ ಸ್ವಂತ ವಾಕ್ಯದಲ್ಲಿ ಬಳಸಿ. ಏಳು ವಿಭಕ್ತಿಗಳನ್ನು ಮಾತಿನಲ್ಲಿ ತಪ್ಪದೆ ಬಳಸುವ ಹಳ್ಳಿಯ ಮಗುವಿಗೆ ಇದು ನಿಲುಕದ ವಿದ್ಯೆಯೇನಲ್ಲ.