ಪುತ್ತೂರು ಸೀಮೆಯ ಹಳೆಯ ಮೋಟಾರುಗಳ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಶಬ್ದವು ದೇವಾಲಯಗಳಿಗೇ ಮೀಸಲಾದುದೆಂಬ ಭಾವನೆಯು ಜನರಲ್ಲಿ ರೂಢವಾಗಿದೆ. ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಬೀಳುತ್ತಿರುವ ಗುಡಿಯನ್ನು ಎತ್ತಿ ನಿಲ್ಲಿಸುವುದರ ಫಲವು ಅಧಿಕವೆಂದು ಆಗಮಗಳನ್ನು ಬಲ್ಲವರು ಹೇಳುವುದುಂಟು. ಆದರೆ ಶಬ್ದಾರ್ಥವನ್ನು ವಿಚಾರಿಸಿದರೆ ಜೀರ್ಣವಾದುದನ್ನು ಮೇಲೆತ್ತುವುದಷ್ಟೇ ಜೀರ್ಣೋದ್ಧಾರವು. ಆ ವಸ್ತುವು ಗುಡಿಯೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆತೋಟದ ಮನೆಗಳಲ್ಲಿ, ದನದ ಹಟ್ಟಿಗೂ ಅಡಿಕೆ ಸುಲಿಯುವ ಕೊಟ್ಟಿಗೆಗೂ ನಡುವೆ, ತಗಡಿನ ಮಾಡಿನ ಕೆಳಗೆ ಒಂದು ಹಳೆಯ ಜೀಪೋ ಅಂಬಾಸಿಡರ್ ಕಾರೋ ನಿಂತಿರುವುದನ್ನು ಕಂಡವರು ಹಲವರಿದ್ದಾರೆ. ಅದನ್ನು ಮನೆಯವರೇ ತಮ್ಮ ಅಲ್ಪ ಹಣದಲ್ಲಿ, ಊರಿನ ಮೇಸ್ತ್ರಿಯ ಸಹಾಯದಿಂದ, ತಲೆಮಾರುಗಳ ಕಾಲ ಓಡಿಸಿಕೊಂಡು ಬಂದ ವೃತ್ತಾಂತವು ಈ ಸೀಮೆಯ ಚರಿತ್ರೆಯ ಒಂದು ಪ್ರಕರಣವೇ ಆಗಿದೆ.

ಈ ಪ್ರಕರಣವು ನೆಲದ ಸ್ವಭಾವದಿಂದ ಪ್ರಾರಂಭವಾಗತಕ್ಕದ್ದು. ಮಂಗಳೂರಿನಿಂದ ಮಾಣಿಯ ಮಾರ್ಗವಾಗಿ ಪುತ್ತೂರು, ಸುಳ್ಯಗಳನ್ನು ದಾಟಿ ಸಂಪಾಜೆಯ ಘಟ್ಟವನ್ನೇರಿ ಮಡಿಕೇರಿಗೆ ಹೋಗುವ ಹೆದ್ದಾರಿಯೊಂದು. ಉಪ್ಪಿನಂಗಡಿಯಿಂದ ಕಡಬದ ಮೇಲಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯೊಂದು. ಇವುಗಳ ಇಕ್ಕೆಲಗಳಲ್ಲಿ ಮುರಕಲ್ಲಿನ ಗುಡ್ಡೆಗಳು, ಗುಡ್ಡೆಗಳ ನಡುವಣ ತಗ್ಗುಗಳಲ್ಲಿ ತೋಟಗಳು, ತೋಟಗಳಿಗೆ ಇಳಿಯುವಲ್ಲಿ ಕೆಮ್ಮಣ್ಣಿನ ಜಾರು ದಾರಿಗಳು, ದಾರಿಗೆ ಅಡ್ಡವಾಗಿ ಹರಿಯುವ ತೋಡುಗಳು. ಮನೆಗಳು ಒಂದೆಡೆಯಲ್ಲಿ ಗುಂಪಾಗಿರುವ ಬಯಲುಸೀಮೆಯ ಪದ್ಧತಿಯು ಇಲ್ಲಿಲ್ಲ. ಒಂದೊಂದು ಮನೆಯೂ ತನ್ನ ತೋಟದಲ್ಲಿಯೇ ಒಂಟಿಯಾಗಿರುವುದರಿಂದ ಅಡಿಕೆಯ ಮೂಟೆಯನ್ನು ಪೇಟೆಗೂ ರೋಗಿಯನ್ನು ಆಸ್ಪತ್ರೆಗೂ ಮುಟ್ಟಿಸುವುದು ಪ್ರತಿಯೊಂದು ಮನೆಗೂ ಪ್ರತ್ಯೇಕವಾದ ಸಮಸ್ಯೆಯಾಗಿತ್ತು.

ದಕ್ಷಿಣ ಕನ್ನಡದಲ್ಲಿ ಸಾರ್ವಜನಿಕ ಮೋಟಾರು ಸಂಚಾರವು ೧೯೧೪ರ ಸುಮಾರಿಗೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯಿಂದ ಮೊದಲಾಯಿತು. ಜನರು ಅದನ್ನು ಸಿ. ಪಿ. ಸಿ. ಎಂದು ಕರೆದರು. ಹೆದ್ದಾರಿಯ ಅಂಚಿನವರಿಗೆ ಇದರಿಂದ ಮಹದುಪಕಾರವಾಯಿತು. ಒಳಗಣ ಗ್ರಾಮದವರಿಗೆ ಮಾತ್ರ ಎತ್ತಿನ ಗಾಡಿಯೂ ತಲೆಹೊರೆಯೂ ತಪ್ಪಲಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿನ ಹಂಚಿಕೆಗೆ ಮಿತಿಯುಂಟಾಗಲು, ದೇಶದ ಇತರ ಕಡೆಗಳಂತೆ ಇಲ್ಲಿಯೂ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಗಳನ್ನು ಕಟ್ಟಿ ಓಡಿಸಿದರು. ಇದ್ದಿಲನ್ನು ಮಿತವಾದ ಗಾಳಿಯಲ್ಲಿ ಉರಿಸಿದರೆ ಇಂಗಾಲದ ಮೋನಾಕ್ಸೈಡು ಪ್ರಧಾನವಾಗಿರುವ, ದಹನಶೀಲವಾದ ಅನಿಲವು ಹುಟ್ಟುತ್ತದೆ. ಅದನ್ನು ಸೋಸಿ, ತಣಿಸಿ ಎಂಜಿನಿಗೆ ಕೊಟ್ಟರೆ ಪೆಟ್ರೋಲಿಲ್ಲದೆಯೇ ಬಂಡಿಯು ನಡೆಯುತ್ತದೆ. ಶಕ್ತಿಯು ಮೂರರಲ್ಲಿ ಒಂದು ಪಾಲಿಗೂ ಮಿಕ್ಕು ಕುಗ್ಗುತ್ತದೆ, ಏರುಗಳಲ್ಲಿ ಪ್ರಯಾಣಿಕರ ತಾಳ್ಮೆಯು ಪರೀಕ್ಷೆಗೊಳಗಾಗುತ್ತದೆ, ಅಷ್ಟೆ. ಮೋಟಾರೆಂಬುದು ಕಂಪೆನಿಯು ಕೊಟ್ಟಂತೆಯೇ ಇರಬೇಕಾದ ವಸ್ತುವಲ್ಲ, ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಬಹುದಾದ ಯಂತ್ರವೆಂಬ ಧೈರ್ಯವು ಚಾಲಕರಿಗೂ ಮೇಸ್ತ್ರಿಗಳಿಗೂ ಬಂದುದು ಆ ಕಷ್ಟಕಾಲದಲ್ಲಿಯೇ ಎಂದರೆ ಅತಿಶಯೋಕ್ತಿಯಾಗದು.

ಯುದ್ಧವು ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಅಮೆರಿಕದ ಜೀಪುಗಳು ವಿಲೇವಾರಿಯ ಮಾರಾಟದಲ್ಲಿ ಖಾಸಗಿಯವರ ಕೈಸೇರಿದುವು. ೧೯೪೭ರಲ್ಲಿ ಮಹೀಂದ್ರ ಕಂಪೆನಿಯು ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಿ ಮಾರುವ ಉದ್ಯಮಕ್ಕೆ ಕೈಹಾಕಿತು. ಕ್ರಮೇಣ ಅವು ಈ ದೇಶದಲ್ಲಿಯೇ ತಯಾರಾದುವು. ಈ ವಾಹನವು ಯುದ್ಧಭೂಮಿಗಾಗಿ ನಿರ್ಮಿತವಾದುದಾದರೂ ಅಡಿಕೆತೋಟಕ್ಕೆಂದೇ ಹುಟ್ಟಿದಂತಿತ್ತು. ನಾಲ್ಕು ಚಕ್ರಗಳಿಗೂ ಬಲವನ್ನು ಹಂಚುವುದರಿಂದ ಕೆಸರಿನಲ್ಲಿ ಹೂಳುವ ಭಯವು ಕಡಿಮೆ. ನೆಲದಿಂದ ಎತ್ತರವಾಗಿರುವುದರಿಂದ ತೋಡನ್ನು ದಾಟಬಹುದು. ಬದಿಗಳು ಚಪ್ಪಟೆಯಾಗಿರುವುದರಿಂದ, ತುಕ್ಕು ತಿಂದ ಭಾಗವನ್ನು ಕತ್ತರಿಸಿ ಬೇರೆ ತಗಡನ್ನು ಬೆಸೆಯಲು ಹಳ್ಳಿಯ ಬೆಸುಗೆಯವನೇ ಸಾಕು. ಈ ಕೊನೆಯ ಗುಣವೇ ಜೀಪಿನ ದೀರ್ಘಾಯುಷ್ಯಕ್ಕೆ ಮುಖ್ಯವಾದ ಕಾರಣ. ದುಂಡುಮೈಯ ಅಂಬಾಸಿಡರನ್ನು ತಿದ್ದುವುದಕ್ಕೆ ತಗಡು ತಟ್ಟುವ ನುರಿತ ಕೈ ಬೇಕು. ಜೀಪಿಗೆ ಅಳತೆಯ ಕೋಲೂ ಕತ್ತರಿಯೂ ಬಲ್ಲವನಾದರೆ ಸಾಕು. ಸುಳ್ಯದ ಒಳನಾಡಿನಲ್ಲಿ ಬಾಡಿಗೆಯ ಸರ್ವಿಸ್ ಜೀಪುಗಳು ಬಹುಕಾಲ ಓಡಿದುವು. ಒಳಗೆ ಹಿಡಿಸಿದಷ್ಟು ಜನ, ಹಿಂದೆ ಜೋತುಕೊಂಡಷ್ಟು ಜನ. ಹಲಸಿನ ಮರಕ್ಕೆ ಹಣ್ಣು ಕಚ್ಚಿದ ಹಾಗೆ.

ಹಳೆಯ ವಾಹನವನ್ನು ಉಳಿಸಿಕೊಳ್ಳುವ ಅಭ್ಯಾಸಕ್ಕೆ ಬಡತನವೊಂದೇ ಕಾರಣವೆಂದು ತಿಳಿಯಬಾರದು. ದುಡ್ಡಿದ್ದವನಿಗೂ ಹೊಸ ಕಾರು ಸಿಗುತ್ತಿರಲಿಲ್ಲ. ಕಾರುಗಳ ಹಂಚಿಕೆಯನ್ನೂ ಮಾರಾಟವನ್ನೂ ನಿಯಂತ್ರಿಸುವ ಆಜ್ಞೆಯು ೧೯೫೯ರಲ್ಲಿ ಜಾರಿಗೆ ಬಂದಿತು. ಹಿಂದೂಸ್ಥಾನ್ ಮೋಟಾರ್ಸಿನ ಅಂಬಾಸಿಡರ್, ಪ್ರೀಮಿಯರ್ ಕಂಪೆನಿಯ ಫಿಯೆಟ್ ಮೊದಲಾದ ಎರಡು ಮೂರು ಬಗೆಗಳಲ್ಲೇ ಆಯ್ಕೆಯು ಮುಗಿಯುತ್ತಿತ್ತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿಯು ಬರುವ ತನಕ ಸ್ಥಿತಿಯು ಹೆಚ್ಚಾಗಿ ಬದಲಾಗಲಿಲ್ಲ. ಹೊಸತು ದೊರೆಯದಿದ್ದಾಗ ಹಳತಿನ ಬೆಲೆಯು ಏರುವುದು ಸಹಜವು. ಆದಕಾರಣ ಕಾರೆಂಬುದು ಹಸುವಿನಂತೆ, ಕಂಚಿನ ಪಾತ್ರೆಯಂತೆ, ಪಾಲುಪಟ್ಟಿಯಲ್ಲಿ ನಮೂದಿಸಬೇಕಾದ ಆಸ್ತಿಯಾಯಿತು.

ಇನ್ನು ಪಾಲನೆಯ ವಿಷಯ. ಈ ಸೀಮೆಯಲ್ಲಿ ವರ್ಷಕ್ಕೆ ೪,೦೦೦ ಮಿಲಿಮೀಟರಿನ ಆಸುಪಾಸು ಮಳೆಯು ಬೀಳುತ್ತದೆ. ಅದರ ಬಹುಭಾಗವು ನಾಲ್ಕೇ ತಿಂಗಳುಗಳಲ್ಲಿ. ಕಬ್ಬಿಣಕ್ಕೆ ಇದಕ್ಕಿಂತ ಘೋರವಾದ ಶತ್ರುವಿಲ್ಲ. ತುಳುವರ ಪತ್ತನಾಜೆಯು ಕಳೆದು ಆಟದ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಜೀಪಿನ ಆರೈಕೆಯೂ ಪ್ರಾರಂಭವಾಗಬೇಕು. ಮೊದಲು ಕೆಳಮೈಯಲ್ಲಿ ಮೆತ್ತಿದ ಕೆಮ್ಮಣ್ಣನ್ನು ತೊಳೆದು ಒಣಗಿಸತಕ್ಕದ್ದು. ಮಣ್ಣಿನ ಮೇಲೆಯೇ ಎಣ್ಣೆ ಹಚ್ಚಿದರೆ ತೇವವನ್ನು ಒಳಗಿಟ್ಟು ಬಾಗಿಲು ಹಾಕಿದಂತಾಗುತ್ತದೆ. ಎಂಜಿನಿನಿಂದ ತೆಗೆದ ಸುಟ್ಟ ಎಣ್ಣೆಯನ್ನು ಚಾಸಿಗೂ ಪಟ್ಟೆ ಸ್ಪ್ರಿಂಗುಗಳಿಗೂ ಬಳಿಯುವ ರೂಢಿಯು ಎಲ್ಲೆಡೆ ಇದೆ. ಖರ್ಚಿಲ್ಲದ ಔಷಧವಿದು, ಆದರೆ ರಬ್ಬರಿನ ಬುಷ್ಷುಗಳಿಗೆ ತಗಲಿದರೆ ಅವು ಉಬ್ಬಿ ಕೆಡುವುದರಿಂದ ಕುಂಚವನ್ನು ನೋಡಿ ಆಡಿಸಬೇಕು, ಉಳಿದ ಎಣ್ಣೆಯನ್ನು ತೋಡಿಗೆ ಚೆಲ್ಲಬಾರದು. ಇಲಿಗಳ ಉಪದ್ರವವು ಬೇರೆ. ಅಡಿಕೆಯ ಕೊಟ್ಟಿಗೆಯ ಪಕ್ಕದಲ್ಲಿ ನಿಂತ ವಾಹನದ ಗಾಳಿ ಸೋಸುವ ಡಬ್ಬಿಯಲ್ಲಿ ಮಳೆಗಾಲದ ಕೊನೆಗೆ ಒಂದು ಸಂಸಾರವೇ ನೆಲೆಸಿರುವುದುಂಟು. ತಂತಿಯ ಹೊದಿಕೆಯು ಅವುಗಳ ಹಲ್ಲಿಗೆ ಬಲಿಯಾಗಿರುತ್ತದೆ.

ಪೆಟ್ರೋಲಿನ ಹಳೆಯ ಎಂಜಿನುಗಳಲ್ಲಿ ತೇವದಿಂದ ಮೊದಲು ಸೋಲುವುದು ಕಿಡಿಯ ವ್ಯವಸ್ಥೆಯು. ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು ಒಣ ಬಟ್ಟೆಯಿಂದ ಒರಸಿ, ಒಳಗಿನ ಪಾಯಿಂಟುಗಳ ಅಂತರವನ್ನು ನೋಡಬೇಕು. ವಿಲ್ಲಿಸ್ ಜೀಪಿಗೆ ಈ ಅಂತರವು ಅಂಗುಲದ ಸಾವಿರದಲ್ಲಿ ೨೦ ಭಾಗ. ಅಂಬಾಸಿಡರಿಗೆ ಸುಮಾರು ೧೫. ಇದಕ್ಕೆ ಬೇಕಾದ ತಗಡಿನ ಮಾಪಕವು ಬಹು ಅಗ್ಗದ್ದು; ಆದರೂ ಕೆಲವರು ಕಾಗದದ ಚೂರುಗಳನ್ನು ಮಡಿಸಿ ಅಂದಾಜು ಮಾಡುತ್ತಾರೆ. ಅಂದಾಜಿನಿಂದ ಉಳಿಯುವ ದುಡ್ಡು ಪೆಟ್ರೋಲಿಗೆ ಹೋಗುತ್ತದೆ. ಕಿಡಿಯು ನಾಲ್ಕು ಸಿಲಿಂಡರುಗಳಿಗೆ ಹಂಚಿಕೆಯಾಗುವ ಕ್ರಮವು ಎರಡರಲ್ಲಿಯೂ ಒಂದೇ: ಒಂದು, ಮೂರು, ನಾಲ್ಕು, ಎರಡು. ವೇದದ ಕ್ರಮಪಾಠವನ್ನು ಬಾಯಿಪಾಠ ಮಾಡುವ ವಟುವಿನಂತೆ ಮೇಸ್ತ್ರಿಯ ಕೈಕೆಳಗಿನ ಹುಡುಗನು ಮೊದಲು ಕಲಿಯುವುದು ಇದನ್ನೇ. ಬ್ಯಾಟರಿಯು ಸತ್ತಿದ್ದರೆ ಮುಂದಿನಿಂದ ಹಿಡಿಕೆಯನ್ನು ತೂರಿ ತಿರುಗಿಸಬೇಕು. ಆಗ ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ ಉಳಿದ ಬೆರಳುಗಳ ಬದಿಯಲ್ಲಿಯೇ ಇಟ್ಟುಕೊಳ್ಳಬೇಕು; ಎಂಜಿನು ಹಿಮ್ಮೊಗವಾಗಿ ಒದೆದರೆ ಬೆರಳಿನ ಸಂಧಿಯೇ ತಪ್ಪುವುದುಂಟು.

ಮಿತವ್ಯಯಕ್ಕೂ ಒಂದು ಎಲ್ಲೆಯಿದೆ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ದ್ರವವಾದುದರಿಂದ, ಕರಾವಳಿಯ ಹವೆಯಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸದಿದ್ದರೆ ಚಕ್ರಗಳ ಸಿಲಿಂಡರುಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಆ ಕಾಲದ ವಾಹನಗಳ ಬ್ರೇಕುಗಳಿಗೆ ಒಂದೇ ಸರಣಿ. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಹಿಡಿತವು ಹೋಗುತ್ತದೆ. ಸಂಪಾಜೆಯ ಇಳಿಜಾರಿನಲ್ಲಿ ಇದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ಬಣ್ಣಕ್ಕೆಂದು ಸಾವಿರಗಳನ್ನು ಸುರಿದು ಬ್ರೇಕಿನಲ್ಲಿ ನೂರುಗಳನ್ನು ಉಳಿಸುವ ಗೃಹಸ್ಥನು ಜೀರ್ಣೋದ್ಧಾರವನ್ನು ಶಿಖರದಿಂದ ಪ್ರಾರಂಭಿಸಿದವನು.

ಬಿಡಿಭಾಗಗಳ ವಿಷಯದಲ್ಲಿ ಈ ಜಿಲ್ಲೆಯು ಅದೃಷ್ಟಶಾಲಿ. ಸಿ. ಪಿ. ಸಿ. ಕಂಪೆನಿಯ ಅಧ್ಯಕ್ಷರಾಗಿದ್ದ ವಾಮನ ಶ್ರೀನಿವಾಸ ಕುಡ್ವರು (೧೮೯೯–೧೯೬೭) ಸ್ಥಾಪಿಸಿದ ಕೆನರಾ ವರ್ಕ್‌ಶಾಪ್ಸ್ ಸಂಸ್ಥೆಯ ಪಟ್ಟೆ ಸ್ಪ್ರಿಂಗುಗಳು ಕೆನರಾ ಸ್ಪ್ರಿಂಗ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾದುವು. ಮಂಗಳೂರಿನಲ್ಲಿ ಸಿಗದುದನ್ನು ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ತರುತ್ತಿದ್ದರು. ಆದರೆ ಅತ್ಯಂತ ದೊಡ್ಡ ಮಾರ್ಪಾಡು ಎಂಜಿನಿನದೇ. ೧೯೭೩ರ ಬಳಿಕ ಪೆಟ್ರೋಲಿನ ಬೆಲೆಯು ಏರಿದಂತೆ ಜೀಪುಗಳ ಮೂಲ ಎಂಜಿನುಗಳು ಇಳಿದು, ಅಗ್ಗದ ಡೀಸೆಲಿನ ಎಂಜಿನುಗಳು ಅವುಗಳ ಸ್ಥಾನವನ್ನು ಆಕ್ರಮಿಸಿದುವು. ಮೆಟಾಡೋರ್ ವ್ಯಾನಿನ ಎಂಜಿನು ಅಂಬಾಸಿಡರಿನ ಮೂತಿಯೊಳಗೆ ಸೇರಿತು. ಆರು ವೋಲ್ಟಿನ ವಿದ್ಯುತ್ತು ಹನ್ನೆರಡಾಯಿತು. ಬಾಗಿಲು, ನೆಲಹಾಸು, ಗೇರುಪೆಟ್ಟಿಗೆ, ಎಲ್ಲವೂ ಒಂದೊಂದಾಗಿ ಬದಲಾದುವು. ಹಾಗಾದರೆ ಮನೆಯ ಅಜ್ಜನು ಕೊಂಡ ಜೀಪು ಇದೇ ಎಂದು ಮೊಮ್ಮಗನು ಹೇಳುವುದು ಯಾವ ಆಧಾರದಿಂದ? ಮಿಲಿಂದನೆಂಬ ಯವನರಾಜನೊಡನೆ ವಾದಿಸಿದ ಬೌದ್ಧಭಿಕ್ಷು ನಾಗಸೇನನು ಅಚ್ಚು, ಗಾಲಿ, ನೊಗಗಳಲ್ಲಿ ಯಾವುದೊಂದೂ ರಥವಲ್ಲವೆಂದೂ, ರಥವೆಂಬುದು ವ್ಯವಹಾರಕ್ಕಾಗಿ ಇಟ್ಟ ಹೆಸರೆಂದೂ ನಿರ್ಣಯಿಸಿದನು. ನೈಯಾಯಿಕರಾದರೋ ಅವಯವವೊಂದು ಹೋಗಿ ಬೇರೊಂದು ಬಂದರೆ ಹಿಂದಿನ ಅವಯವಿಯು ನಷ್ಟವಾಗಿ ಹೊಸತೊಂದು ಹುಟ್ಟುವುದೆಂದು ಹೇಳುತ್ತಾರೆ. ತೋಟದ ಮನೆಯವರು ಈ ಎರಡು ಪಕ್ಷಗಳನ್ನೂ ಕೇಳಿದವರಲ್ಲ. ಅಂಗಳಕ್ಕೆ ಬಂದ ಜೀಪು ಅದೇ ಎಂಬ ಅವರ ಪ್ರತ್ಯಭಿಜ್ಞೆಗೆ ಭಂಗವಿಲ್ಲ.

ಭಂಗವು ಬಂದಿರುವುದು ಕಾನೂನಿನ ಕಡೆಯಿಂದ. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ವಾಹನದ ನೋಂದಣಿಗೆ ೧೫ ವರ್ಷಗಳ ಆಯುಸ್ಸು. ಅನಂತರ ಪರೀಕ್ಷೆಗೊಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. ಕಾರಿಗೆ ೬೦೦ ರೂಪಾಯಿಯಾಗಿದ್ದ ಈ ಶುಲ್ಕವು ೨೦೨೨ರ ಏಪ್ರಿಲಿನಿಂದ ೫,೦೦೦ ಆಯಿತು. ೨೦ ವರ್ಷ ಮೀರಿದ ಲಘು ವಾಹನಗಳಿಗೆ ೨೦೨೫ರ ಆಗಸ್ಟಿನಲ್ಲಿ ೧೦,೦೦೦ ಎಂದು ನಿಗದಿಯಾಯಿತು. ಹೊಗೆಯುಗುಳುವ ವಾಹನಗಳನ್ನು ಕಡಿಮೆ ಮಾಡಬೇಕೆಂಬ ಉದ್ದೇಶವು ದೂಷ್ಯವಲ್ಲ. ಆದರೆ ೨೦೨೧ರ ಜುಲೈಯಲ್ಲಿ ಹೊರಟ ಪುರಾತನ ವಾಹನಗಳ ನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೫೦ ವರ್ಷ ಮೀರಿದ ವಾಹನಕ್ಕೆ ಅದು ಪ್ರತ್ಯೇಕವಾದ ಗೌರವಸ್ಥಾನವನ್ನು ಕೊಡುತ್ತದೆ. ಹೊಸದಾಗಿ ನೋಂದಾಯಿಸಲು ೨೦,೦೦೦ ರೂಪಾಯಿ ಶುಲ್ಕ. ಷರತ್ತುಗಳು ಎರಡು: ಚಾಸಿ, ಮೈ, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡಿಲ್ಲದೆ ವಾಹನವು ಮೂಲಸ್ವರೂಪದಲ್ಲಿರಬೇಕು, ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದುವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಅದನ್ನು ಬಳಸಕೂಡದು. ಡೀಸೆಲಿನ ಎಂಜಿನನ್ನು ಹೊತ್ತು, ತಗಡಿನ ತೇಪೆಗಳನ್ನು ಧರಿಸಿ, ಅರ್ಧ ಶತಮಾನ ದುಡಿದ ತೋಟದ ಜೀಪಿಗೆ ಈ ಪಂಕ್ತಿಯಲ್ಲಿ ಎಲೆಯಿಲ್ಲ. ಯಾವ ಮಾರ್ಪಾಡುಗಳು ಅದನ್ನು ಬದುಕಿಸಿದುವೋ ಅವುಗಳೇ ಅದರ ಅನರ್ಹತೆಗೆ ಕಾರಣವಾದುವು.

ಧರ್ಮಸ್ಥಳದಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳ ವಸ್ತುಸಂಗ್ರಹಾಲಯವಿದೆ. ಹೊಳೆಯುವ ಆ ಸಾಲನ್ನು ನೋಡಿದವರಿಗೆ ಮೋಟಾರಿನ ಇತಿಹಾಸವು ಕಣ್ಣಿಗೆ ಕಟ್ಟುತ್ತದೆ. ಅಂಥ ಸಂಗ್ರಹವು ಅವಶ್ಯವಾಗಿ ಇರತಕ್ಕದ್ದು. ಆದರೆ ನಿತ್ಯಪೂಜೆಯ ಬಿಂಬಕ್ಕೂ ಸಂಗ್ರಹಾಲಯದ ಬಿಂಬಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಮೊದಲನೆಯದು ಅಭಿಷೇಕದಿಂದ ಸವೆಯುತ್ತದೆ, ಅಷ್ಟಬಂಧವು ಸಡಿಲವಾಗುತ್ತದೆ, ಪುನಃ ಸರಿಪಡಿಸಬೇಕಾಗುತ್ತದೆ. ಮೂಲಸ್ವರೂಪವೆಂಬ ಒಂದೇ ಅಳತೆಯಿಂದ ಅದನ್ನು ಅಳೆಯುವುದು ನ್ಯಾಯವೆನಿಸದು.

ಈಚೆಗೆ ಇಂಧನವೂ ಬದಲಾಗಿದೆ. ಪೆಟ್ರೋಲಿನಲ್ಲಿ ನೂರಕ್ಕೆ ೨೦ ಪಾಲು ಎಥನಾಲನ್ನು ಬೆರೆಸಿ ಮಾರುವುದರಿಂದ ಕಾರ್ಬುರೇಟರಿನ ಕಾಲದ ರಬ್ಬರು ನಳಿಕೆಗಳು ಮೆತ್ತಗಾಗುತ್ತವೆ. ಎಥನಾಲು ನೀರನ್ನು ಹೀರುವುದಾದುದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ವಾಹನದ ಟಾಂಕಿಗೆ ತುಕ್ಕು ಹಿಡಿಯುತ್ತದೆ. ನಳಿಕೆಗಳನ್ನು ಹೊಸ ಬಗೆಯ ರಬ್ಬರಿನವುಗಳಿಗೆ ಬದಲಿಸಿ, ವಾರಕ್ಕೊಮ್ಮೆಯಾದರೂ ಎಂಜಿನನ್ನು ಬಿಸಿಯಾಗುವಷ್ಟು ಓಡಿಸಿದರೆ ತೊಂದರೆಯು ಬಹುಮಟ್ಟಿಗೆ ತಪ್ಪುತ್ತದೆ. ಇದ್ದಿಲಿನಿಂದ ಬಸ್ಸನ್ನು ಓಡಿಸಿದ ಸೀಮೆಗೆ ಇದು ದೊಡ್ಡ ವಿಘ್ನವೇನಲ್ಲ. ಕಾರ್ಬುರೇಟರನ್ನು ಕಿವಿಯಿಂದ ಕೇಳಿಯೇ ಸರಿಪಡಿಸಬಲ್ಲ ಮೇಸ್ತ್ರಿಗಳು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿರುವುದೇ ಹೆಚ್ಚಿನ ವಿಘ್ನವು. ಸುಳ್ಯ, ಪುತ್ತೂರುಗಳಲ್ಲಿ ತಾಂತ್ರಿಕ ವಿದ್ಯಾಲಯಗಳಿವೆ. ಅಲ್ಲಿಯ ಹುಡುಗರು ರಜಾದಿನಗಳಲ್ಲಿ ಈ ಹಿರಿಯರ ಬಳಿ ಕುಳಿತರೆ ಇಬ್ಬರಿಗೂ ಲಾಭವುಂಟು.

ಎಂಜಿನು ಬದಲಾದರೆ ಕಾಯಿದೆಯ ೫೨ನೆಯ ವಿಧಿಯಂತೆ ನೋಂದಣಿ ಪತ್ರದಲ್ಲಿ ಬರೆಯಿಸಿಕೊಳ್ಳಬಹುದು. ಬಣ್ಣವು ಬದಲಾದರೂ ಹಾಗೆಯೇ. ಬದಲಾಗಕೂಡದುದು ಚಾಸಿಯ ಕಬ್ಬಿಣದಲ್ಲಿ ಕೊರೆದ ಸಂಖ್ಯೆಯೊಂದೇ. ಪುತ್ತೂರಿನ ಸಾರಿಗೆ ಕಚೇರಿಗೆ ನವೀಕರಣಕ್ಕೆಂದು ಒಯ್ಯುವ ಮೊದಲು ಅದರ ಮೇಲೆ ತೆಳು ಕಾಗದವನ್ನಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಪಡಿಯಚ್ಚನ್ನು ತೆಗೆಯುತ್ತಾರೆ. ತುಕ್ಕು ಆ ಅಂಕೆಗಳನ್ನು ತಿಂದುಹಾಕಿದರೆ, ಎಂಜಿನು ಎಷ್ಟೇ ಚೆನ್ನಾಗಿ ಓಡಲಿ, ಕಾಗದದ ಮಟ್ಟಿಗೆ ಆ ವಾಹನವು ಇಲ್ಲ. ಆದಕಾರಣ ತಿಳಿದ ಮನೆಗಳಲ್ಲಿ ಮುಂಗಾರಿಗೆ ಮೊದಲು, ಬೇರೆ ಯಾವ ಭಾಗಕ್ಕೂ ಕೈಹಚ್ಚುವ ಮುನ್ನ, ಅಂಗೈಯಗಲದ ಆ ಕಬ್ಬಿಣವನ್ನು ಬಟ್ಟೆಯಿಂದ ಒರಸಿ ಗ್ರೀಸನ್ನು ದಪ್ಪವಾಗಿ ಮೆತ್ತುತ್ತಾರೆ.