ಎರಕದ ಬಿರುಕಿನಿಂದ ಪ್ರಾಣಿಗಳ ಹೃದಯದವರೆಗೆ

ಹೃದಯದ ಬಲ ಹೃತ್ಕುಕ್ಷಿಯ ಕೆಲಸ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುವುದು. ಅಲ್ಲಿನ ರಕ್ತನಾಳಗಳು ಕಿರಿದಾದರೆ, ಅಥವಾ ಎಡ ಹೃದಯದ ಕಾಯಿಲೆಯಿಂದ ರಕ್ತ ಹಿಂದೆ ತಡೆದು ನಿಂತರೆ, ಶ್ವಾಸಕೋಶದ ಅಪಧಮನಿಯಲ್ಲಿ ಒತ್ತಡ ಏರುತ್ತದೆ. ತೆಳುಗೋಡೆಯ ಬಲ ಹೃತ್ಕುಕ್ಷಿ ಮೊದಲು ದಪ್ಪವಾಗಿ ಈ ಹೊರೆ ಹೊರುತ್ತದೆ. ಕೊನೆಗೆ ಹಿಗ್ಗಿ ಸೋಲುತ್ತದೆ.

ಜಾನುವಾರುಗಳಲ್ಲಿ ಹೀಗೆ ಬಲ ಹೃದಯ ಸೋಲುವ ರೋಗವನ್ನು 1915ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಗ್ಲೋವರ್ ಮತ್ತು ನ್ಯೂಸಮ್ ವರ್ಣಿಸಿದರು. ಎತ್ತರದ ಬೆಟ್ಟಗಳಲ್ಲಿ ಮೇಯುವ ದನಗಳ ಮುಂಗಾಲುಗಳ ನಡುವೆ ನೀರು ತುಂಬಿ ಊದುತ್ತಿತ್ತು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ನಾಳಗಳು ಬಿಗಿಯುವುದೇ ಇದರ ಮೂಲವೆಂದು ಮುಂದೆ ತಿಳಿಯಿತು. ಆದರೆ ಒತ್ತಡವನ್ನು ಅಳೆಯಲು ರಕ್ತನಾಳದ ಮೂಲಕ ಹೃದಯದೊಳಗೆ ಕೊಳವೆ ತೂರಿಸಬೇಕಿತ್ತು; ಇಲ್ಲವೇ ಪ್ರಾಣಿ ಸತ್ತ ಮೇಲೆ ಹೃದಯವನ್ನು ಸೀಳಿ ಅದರ ಪರಿಣಾಮ ನೋಡಬೇಕಿತ್ತು.

ನೋವಿಲ್ಲದ ದಾರಿ ಬಂದದ್ದು ಕಾರ್ಖಾನೆಯಿಂದ. ಲೋಹದೊಳಗೆ ಕಿವಿಗೆ ಕೇಳದ ಶಬ್ದದ (ಅಲ್ಟ್ರಾಸೌಂಡ್) ಅಲೆ ಹಾಯಿಸಿ, ಮರಳುವ ಪ್ರತಿಧ್ವನಿಯಿಂದ ಒಡಕನ್ನು ಗುರುತಿಸುವ ಉಪಕರಣವೊಂದು ಸ್ವೀಡನ್ನಿನ ಮಾಲ್ಮೊ ಹಡಗುಕಟ್ಟೆಯಲ್ಲಿತ್ತು. ಲುಂಡ್‌ನ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅಂಥ ಉಪಕರಣದಿಂದ 1953ರ ಅಕ್ಟೋಬರ್ 29ರಂದು ಮಿಡಿಯುವ ಹೃದಯದ ಚಲನೆಯನ್ನು ದಾಖಲಿಸಿದರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆ ಸ್ಥಾಪನೆಯಾದ ಹರಿಹರದಿಂದ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದವರೆಗಿನ ಜನರಿಗೆ ಈ ತತ್ವ ಸುಲಭವಾಗಿ ಅರ್ಥವಾದೀತು: ಎರಕವನ್ನು ಒಡೆಯದೆ ಒಳಗಿನ ದೋಷ ಕಾಣುವಂತೆಯೇ ಎದೆಯನ್ನು ತೆರೆಯದೆ ಹೃದಯವನ್ನು ಕಾಣಬಹುದು.

1970ರ ದಶಕದಲ್ಲಿ ಈ ವಿಧಾನ ಕುದುರೆ, ನಾಯಿಗಳ ತಪಾಸಣೆಗೆ ಬಂತು. ಗೋಡೆಯ ದಪ್ಪ, ಕೋಣೆಯ ಅಗಲ, ಕವಾಟದ ಚಲನೆ ಕಂಡರೂ ಒತ್ತಡ ಮಾತ್ರ ಕಾಣುತ್ತಿರಲಿಲ್ಲ. ಆ ಕೊರತೆಯನ್ನು ರಕ್ತ ಹರಿಯುವ ವೇಗವನ್ನು ಅಳೆಯುವ ಡಾಪ್ಲರ್ ವಿಧಾನ ನೀಗಿತು. ಬಲ ಹೃತ್ಕುಕ್ಷಿಯಿಂದ ತ್ರಿದಳ ಕವಾಟದ ಮೂಲಕ ಹಿಂದಕ್ಕೆ ಸೋರುವ ರಕ್ತದ ವೇಗದಿಂದ ಆ ಕೋಣೆಯ ಒತ್ತಡವನ್ನು ಅಂದಾಜಿಸಬಹುದೆಂದು 1984ರಲ್ಲಿ ಯಾಕ್ ಮತ್ತು ಪಾಪ್ ಮನುಷ್ಯರಲ್ಲಿ ತೋರಿಸಿದರು. ವೇಗದ ವರ್ಗವನ್ನು 4ರಿಂದ ಗುಣಿಸಿದರೆ ಕವಾಟದ ಎರಡು ಬದಿಗಳ ಒತ್ತಡದ ಅಂತರ ಸಿಗುತ್ತದೆ. ವೇಗ ಸೆಕೆಂಡಿಗೆ 3.4 ಮೀಟರ್ ಇದ್ದರೆ ಅಂತರ ಸುಮಾರು 46 ಮಿ.ಮೀ. ಪಾದರಸ. ನಾಯಿಗಳ ಕುರಿತು 2020ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ವೇಗವನ್ನು ಮಿತಿಯಾಗಿ ಇಟ್ಟುಕೊಂಡು, ಹಿಗ್ಗಿದ ಬಲ ಹೃತ್ಕುಕ್ಷಿ, ಚಪ್ಪಟೆಯಾದ ನಡುಗೋಡೆ, ಅಗಲವಾದ ಅಪಧಮನಿಯಂಥ ಇತರ ಕುರುಹುಗಳನ್ನೂ ಜೊತೆಗೆ ನೋಡಬೇಕೆಂದಿತು.

ಕಾರಣಗಳು ಪ್ರಾಣಿಯಿಂದ ಪ್ರಾಣಿಗೆ ಬೇರೆ. ನಾಯಿಗಳಲ್ಲಿ ಎಡ ಕವಾಟದ ಸವೆತ, ಶ್ವಾಸಕೋಶದ ಕಾಯಿಲೆ, ಸೊಳ್ಳೆ ಹರಡುವ ಹೃದಯದ ಹುಳು ಮುಖ್ಯ. ಕೋಳಿ ಆಹಾರದ ಪ್ರಧಾನ ಧಾನ್ಯವಾದ ಮೆಕ್ಕೆಜೋಳವನ್ನು ವಿಸ್ತಾರವಾಗಿ ಬೆಳೆಯುವ ದಾವಣಗೆರೆ ಜಿಲ್ಲೆಗೆ ಹತ್ತಿರದ ಉದಾಹರಣೆ ಬ್ರಾಯ್ಲರ್ ಕೋಳಿ. ಬೇಗ ಬೆಳೆಯುವ ಮೈ ಹೆಚ್ಚು ಆಮ್ಲಜನಕ ಬೇಡುತ್ತದೆ. ಪಕ್ಕೆಲುಬಿಗೆ ಅಂಟಿದ ಪುಟ್ಟ ಶ್ವಾಸಕೋಶ ಹಿಗ್ಗಲಾರದು. ಒತ್ತಡ ಏರಿ ಹೃದಯ ಸೋತಾಗ ಹೊಟ್ಟೆಯಲ್ಲಿ ನೀರು ತುಂಬಿ ಕೋಳಿ ಸಾಯುತ್ತದೆ. 1990ರ ದಶಕದಲ್ಲಿ ಸಂಶೋಧಕರು ಬ್ರಾಯ್ಲರ್ ಕೋಳಿಗಳ ಹೃದಯವನ್ನೂ ಅಲ್ಟ್ರಾಸೌಂಡ್‌ನಿಂದ ಅಳೆದರು.

ಎಕೋ ಎಂದು ಕರೆಯುವ ಈ ಅಲ್ಟ್ರಾಸೌಂಡ್ ಪರೀಕ್ಷೆಗೆ ಎದೆಯ ಕೂದಲು ಬೋಳಿಸಿ, ಜೆಲ್ ಹಚ್ಚಿ, ಪ್ರಾಣಿಯನ್ನು ಸಮಾಧಾನದಿಂದ ಮಲಗಿಸಿದರೆ ಅಥವಾ ನಿಲ್ಲಿಸಿದರೆ ಸಾಕು. ಸೋರಿಕೆ ಇಲ್ಲದಿದ್ದರೆ ವೇಗ ಸಿಗದು; ಬಲ ಹೃತ್ಕುಕ್ಷಿ ತೀರಾ ಸೋತಿದ್ದರೆ ವೇಗ ಕಡಿಮೆಯಾಗಿ ರೋಗ ಸೌಮ್ಯವೆಂಬ ಭ್ರಮೆ ಹುಟ್ಟಬಹುದು. ಆದ್ದರಿಂದ ಎಕೋ ಕೊಡುವುದು ಅಂದಾಜು. ನಿಖರ ಅಳತೆ ಇಂದಿಗೂ ಕೊಳವೆಯದೇ.