ಜಾಹೀರಾತಿನ ಬರಹ: ಕೂಪನ್ನಿನಿಂದ ಕ್ಲಿಕ್ಕಿನವರೆಗೆ

ಓದಿದವರನ್ನು ಕೊಳ್ಳಲು ಒಪ್ಪಿಸುವ ಬರಹಕ್ಕೆ ಜಾಹೀರಾತು ಕಚೇರಿಗಳಲ್ಲಿ ‘ಕಾಪಿ’ ಎನ್ನುತ್ತಾರೆ. ಪ್ರಾಸ ಕೂಡಿದ ಒಂದು ಸಾಲು, ಕೊನೆಗೊಂದು ಪಂಚ್ ಇದ್ದರೆ ಕಾಪಿ ಆಯಿತೆಂಬ ಎಣಿಕೆ ಈಚೆಗೆ ಬಲವಾಗಿದೆ. ಈ ವಿದ್ಯೆ ಬೆಳೆದದ್ದಾದರೋ ಸಾಲು ಹೊಸೆಯುವವರಿಗಿಂತ ಹೆಚ್ಚಾಗಿ ಲೆಕ್ಕ ಇಡುವವರ ಕೈಯಲ್ಲಿ.

ಹತ್ತೊಂಬತ್ತನೆಯ ಶತಮಾನದ ಜಾಹೀರಾತು ಬಹುಮಟ್ಟಿಗೆ ಡಂಗುರವೇ: ಇಂಥ ಸರಕು ಬಂದಿದೆ, ಇಂಥಲ್ಲಿ ಸಿಗುತ್ತದೆ. ಅಮೆರಿಕದ ಪೇಟೆಂಟ್ ಔಷಧಿಯವರು ಇದಕ್ಕೆ ಸರ್ವರೋಗ ನಿವಾರಣೆಯ ಬಡಾಯಿ ಸೇರಿಸಿದರು. 1904ರಲ್ಲಿ ಕಾಪಿ ಬರಹಗಾರ ಜಾನ್ ಇ. ಕೆನಡಿ ಶಿಕಾಗೊದ ಲಾರ್ಡ್ ಅಂಡ್ ಥಾಮಸ್ ಜಾಹೀರಾತು ಸಂಸ್ಥೆಗೆ ಬಂದು, ಜಾಹೀರಾತೆಂದರೆ ಅಚ್ಚಿನಲ್ಲಿ ನಡೆಯುವ ಮಾರಾಟಗಾರಿಕೆ ಎಂದು ಅಲ್ಲಿನ ಆಲ್ಬರ್ಟ್ ಲಾಸ್ಕರ್ ಅವರಿಗೆ ಮನಗಾಣಿಸಿದರು. ಗಿರಾಕಿಗೆ ಕೊಳ್ಳುವ ಕಾರಣ ಕೊಡಬೇಕು ಎಂಬ ಪಾಠ ಅಲ್ಲಿಂದ ಶುರು.

ಅದನ್ನು ಪದ್ಧತಿಯಾಗಿಸಿದವರು ಕ್ಲಾಡ್ ಹಾಪ್ಕಿನ್ಸ್. ಶ್ಲಿಟ್ಸ್ ಬಿಯರಿಗೆ ಬರೆಯುವ ಮೊದಲು ಅವರು ಕಾರ್ಖಾನೆ ಸುತ್ತಿ ನೋಡಿದರು. ಬಾಟಲಿಗಳನ್ನು ಹಬೆಯಲ್ಲಿ ತೊಳೆಯುತ್ತಿದ್ದರು. ಶೋಧಿಸಿದ ಗಾಳಿ ತುಂಬಿದ ಗಾಜಿನ ಕೋಣೆಯಲ್ಲಿ ಬಿಯರ್ ತಣಿಯುತ್ತಿತ್ತು. ಎಲ್ಲರೂ ಮಾಡುವುದೇ ಹೀಗೆ ಎಂದರು ಕಾರ್ಖಾನೆಯವರು. ಮಾಡುತ್ತಿದ್ದರು, ನಿಜ, ಆದರೆ ಯಾರೂ ಹೇಳಿರಲಿಲ್ಲ. ಮೊದಲು ಹೇಳಿದವರಿಗೆ ಅದರ ಲಾಭ ದಕ್ಕಿತು. ಹಾಪ್ಕಿನ್ಸರ ಇನ್ನೊಂದು ನೆಚ್ಚಿನ ಸಾಧನ ಕೂಪನ್. ಜಾಹೀರಾತಿನ ಮೂಲೆಯಲ್ಲಿ ಕತ್ತರಿಸಿ ಕಳಿಸುವ ಚೀಟಿ. ಪ್ರತಿ ಪತ್ರಿಕೆಗೂ ಅದರ ಮೇಲೆ ಬೇರೆ ಗುರುತು. ಅಂಚೆಯಲ್ಲಿ ವಾಪಸು ಬಂದ ಚೀಟಿಗಳನ್ನು ಗುರುತಿನಂತೆ ವಿಂಗಡಿಸಿದರೆ ಯಾವ ಪತ್ರಿಕೆ, ಯಾವ ಶೀರ್ಷಿಕೆ ಗಿರಾಕಿಯನ್ನು ತಂದಿತು ಎಂಬುದು ತಿಳಿಯುತ್ತದೆ. 1923ರಲ್ಲಿ ಬಂದ ಅವರ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ತೆಳ್ಳನೆಯ ಪುಸ್ತಕ. ಆಮೇಲೆ ಬಂದ ದಪ್ಪ ಪುಸ್ತಕಗಳಲ್ಲಿ ಹಲವು ಅದರ ವ್ಯಾಖ್ಯಾನಗಳಷ್ಟೇ.

ಜಾನ್ ಕೇಪಲ್ಸ್ ಈ ಶಾಲೆಯ ಎರಡನೆಯ ತಲೆಮಾರಿನವರು. ಪಿಯಾನೊ ಮುಂದೆ ಕೂತವನನ್ನು ಕಂಡು ನಕ್ಕವರು ಅವನು ನುಡಿಸತೊಡಗಿದಾಗ ಬೆರಗಾದರೆಂಬ ಕಥೆಯಿಂದ ಅವರು 1920ರ ದಶಕದಲ್ಲಿ ಅಂಚೆ ಮೂಲಕ ಸಂಗೀತಪಾಠ ಮಾರಿದರು. ಮುಂದೆ ಒಂದೇ ಪತ್ರಿಕೆಯಲ್ಲಿ, ಒಂದೇ ಅಳತೆಯಲ್ಲಿ ಬಂದ ಎರಡು ಜಾಹೀರಾತುಗಳ ಪೈಕಿ ಒಂದು ಇನ್ನೊಂದಕ್ಕಿಂತ 19.5 ಪಟ್ಟು ಹೆಚ್ಚು ಮಾರಿದ್ದನ್ನು ದಾಖಲಿಸಿದರು. ವ್ಯತ್ಯಾಸ ಶೈಲಿಯದಲ್ಲ, ಓದುಗನ ಯಾವ ಆಸೆಯನ್ನು ತಟ್ಟಿತು ಎಂಬುದರದು.

ಎರಡನೆಯ ಮಹಾಯುದ್ಧದ ನಂತರ ದಾರಿ ಕವಲೊಡೆಯಿತು. ಸರಕಿನ ಒಂದೇ ಒಂದು ವಿಶೇಷವನ್ನು ಹಿಡಿದು ತಲೆಗಿಳಿಯುವವರೆಗೆ ಹೇಳು ಎಂದರು ರೋಸರ್ ರೀವ್ಸ್. ಅವರ ಜಾಹೀರಾತುಗಳು ಜನರಿಗೆ ಕಿರಿಕಿರಿಯಾದವು, ಮಾರಾಟವನ್ನೂ ಮಾಡಿದವು. ವಿಲಿಯಂ ಬರ್ನ್‌ಬ್ಯಾಕ್ ಅವರ ಸಂಸ್ಥೆ 1959ರಿಂದ ಫೋಕ್ಸ್‌ವ್ಯಾಗನ್‌ಗೆ ಬೇರೆಯೇ ಧಾಟಿ ತಂದಿತು. ಚಮತ್ಕಾರದ ಪಕ್ಷದವರು ಇಂದಿಗೂ ಎತ್ತಿ ಹೇಳುವುದು ಅದರ ‘ಲೆಮನ್’ (ಆಡುಮಾತಿನಲ್ಲಿ ಕೆಟ್ಟ ಕಾರು) ಎಂಬ ಒಂದು ಪದದ ಶೀರ್ಷಿಕೆಯನ್ನು. ಕೆಳಗಿನ ಬರಹ ಓದುವವರು ಕಡಿಮೆ. ಕಾರಿನೊಳಗಿನ ಸಣ್ಣ ಕ್ರೋಮ್ ಪಟ್ಟಿಯಲ್ಲಿ ಕಲೆ ಕಂಡದ್ದಕ್ಕೆ ಕಾರನ್ನೇ ತಡೆದರೆಂದೂ, ತಪಾಸಣೆಗೆಂದೇ ವುಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ 3,389 ಮಂದಿ ಇದ್ದಾರೆಂದೂ ಅಲ್ಲಿದೆ. ಕಾರು ಕೊಳ್ಳಲು ಕಾರಣ ಆ ಅಂಕಿ, ಶೀರ್ಷಿಕೆಯಲ್ಲ.

ಡೇವಿಡ್ ಓಗಿಲ್ವಿ ಎರಡು ಕವಲನ್ನೂ ಕೂಡಿಸಿದವರು. ಸ್ಕಾಟ್ಲೆಂಡಿನಲ್ಲಿ ಮನೆಮನೆಗೆ ಒಲೆ ಮಾರಿ, ಆಮೇಲೆ ಅಮೆರಿಕದಲ್ಲಿ ಜಾರ್ಜ್ ಗ್ಯಾಲಪ್ ಅವರ ಜನಮತ ಸಮೀಕ್ಷೆಯಲ್ಲಿ ದುಡಿದು ಬಂದ ಅವರಿಗೆ ಬಾಗಿಲೂ ಗೊತ್ತಿತ್ತು, ಲೆಕ್ಕವೂ ಗೊತ್ತಿತ್ತು. 1958ರ ರೋಲ್ಸ್ ರಾಯ್ಸ್ ಜಾಹೀರಾತಿಗೆ ಅವರು ಮೂರು ವಾರ ಕಾರಿನ ಬಗ್ಗೆ ಓದಿದರು. ಗಂಟೆಗೆ 60 ಮೈಲಿ ವೇಗದಲ್ಲೂ ಹೆಚ್ಚು ಸದ್ದು ಮಾಡುವುದು ಕಾರಿನ ವಿದ್ಯುತ್ ಗಡಿಯಾರವೇ ಎಂಬ ಹೆಸರುವಾಸಿ ಶೀರ್ಷಿಕೆ ಸಿಕ್ಕಿದ್ದು ಆ ಓದಿನಲ್ಲಿ, ಒಬ್ಬ ತಾಂತ್ರಿಕ ಸಂಪಾದಕರ ವರದಿಯಿಂದ. ಅದರ ಕೆಳಗೆ ಆರುನೂರಕ್ಕೂ ಹೆಚ್ಚು ಪದಗಳು, ಬಹುಪಾಲು ಬರೀ ಮಾಹಿತಿ. ಉದ್ದ ಬರೆದರೆ ಯಾರೂ ಓದುವುದಿಲ್ಲ ಎನ್ನುವವರು ಗಮನಿಸಬೇಕಾದ್ದು ಇದು: ಕೊಳ್ಳುವವನು ಓದುತ್ತಾನೆ, ಕೊಳ್ಳದವನು ಗಿಡ್ಡ ಬರಹವನ್ನೂ ಓದುವುದಿಲ್ಲ.

1966ರಲ್ಲಿ ಯೂಜೀನ್ ಶ್ವಾರ್ಟ್ಸ್ ಇದಕ್ಕೆ ಸಿದ್ಧಾಂತ ಕೊಟ್ಟರು. ಬರಹ ಆಸೆಯನ್ನು ಹುಟ್ಟಿಸಲಾರದು, ಇರುವ ಆಸೆಯನ್ನು ಸರಕಿನ ಕಡೆ ತಿರುಗಿಸಬಲ್ಲದು. ಓದುಗನಿಗೆ ಈಗಾಗಲೇ ಏನು ಗೊತ್ತು ಎಂಬುದರ ಮೇಲೆ ಮೊದಲ ಸಾಲು ನಿಂತಿದೆ. ಸೋಲಾರ್ ವಾಟರ್ ಹೀಟರ್ ಮಾರುವಾಗ ಕಂಪನಿಯನ್ನೇ ಬಲ್ಲವನಿಗೆ ದರ, ಫೋನ್ ನಂಬರ್ ಸಾಕು. ಸೋಲಾರ್ ಬಗ್ಗೆ ಕೇಳಿದ್ದವನಿಗೆ ಮೋಡ ಕವಿದ ದಿನದ ಅನುಮಾನ ಕಳೆಯಬೇಕು. ಏನೂ ಕೇಳಿರದವನಿಗೆ ಕರೆಂಟ್ ಬಿಲ್ಲಿನಿಂದ ಶುರು ಮಾಡಬೇಕು. ಇರುವ ಆಸೆಯನ್ನು ಸರಿಯಾಗಿ ಹಿಡಿದ ಬರಹ ಬಹುಕಾಲ ಬಾಳುತ್ತದೆ. ಚಂದಾದಾರರನ್ನು ಕರೆಯಲು ಮಾರ್ಟಿನ್ ಕಾನ್ರಾಯ್ ವಾಲ್ ಸ್ಟ್ರೀಟ್ ಜರ್ನಲ್‌ಗೆ ಬರೆದ ಪತ್ರ 1975ರಿಂದ 2003ರವರೆಗೆ ಓಡಿತು; ಪರೀಕ್ಷೆಯಲ್ಲಿ ಅದನ್ನು ಮೀರಿಸುವ ಪತ್ರ ಬರದ ಕಾರಣ.

2000ದಲ್ಲಿ ಗೂಗಲ್‌ನ ಜಾಹೀರಾತು ಸೇವೆ ಆಡ್‌ವರ್ಡ್ಸ್ ಬಂದಾಗ ಕೂಪನ್ನಿನ ಲೆಕ್ಕವೇ ಕ್ಲಿಕ್ಕಾಗಿ ಮರಳಿತು. ಗಂಟೆಗಳಲ್ಲಿ ಫಲಿತಾಂಶ ಸಿಗತೊಡಗಿತು. ಕ್ಲಿಕ್ ಮಾರಾಟವಲ್ಲ ಎಂಬುದನ್ನು ಹೊಸಬರು ಕಲಿಯಲು ಇನ್ನೂ ಸಮಯ ಹಿಡಿಯುತ್ತಿದೆ. ಸುಳ್ಳೂ ಪರೀಕ್ಷೆಯಲ್ಲಿ ಗೆಲ್ಲುತ್ತದೆ ಎಂಬ ದೋಷ ಲೆಕ್ಕದ ಈ ಶಾಲೆಗಿದೆ. ಭಾರತದಲ್ಲಿ 1954ರ ಮಾಂತ್ರಿಕ ಔಷಧಿಗಳ ಕಾಯಿದೆ ಬಂದದ್ದು ಅಂಥ ಸುಳ್ಳು ಜಾಹೀರಾತುಗಳನ್ನು ತಡೆಯಲು.

ಭಾರತದಲ್ಲಿ ವಿವಿಧ ಭಾರತಿ 1967ರಲ್ಲೂ ದೂರದರ್ಶನ 1976ರಲ್ಲೂ ಜಾಹೀರಾತಿಗೆ ತೆರೆದುಕೊಂಡವು. ಅಲಿಕ್ ಪದಮ್‌ಸೀ ಅವರ ಸರ್ಫ್ ಜಾಹೀರಾತಿನ ಗೃಹಿಣಿ ಲಲಿತಾಜಿ ಅಗ್ಗಕ್ಕೂ ಲಾಭಕ್ಕೂ ಇರುವ ವ್ಯತ್ಯಾಸವನ್ನು ವಾದಿಸಿ ತೋರಿಸಿದ್ದು ಅಪ್ಪಟ ಹಾಪ್ಕಿನ್ಸ್ ದಾರಿ. ಕಾಪಿ ಬರಹಗಾರ ಪೀಯೂಷ್ ಪಾಂಡೆ ಬೀದಿಯ ಹಿಂದಿಯಲ್ಲೇ ಯೋಚಿಸಿ ಬರೆದರು. ಕನ್ನಡದ ಪಾಲಿಗೆ ಬಂದದ್ದು ಹೆಚ್ಚಾಗಿ ಮುಂಬೈಯಲ್ಲಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮುಗಿದ ಕಾಪಿಯ ಅನುವಾದ. ಪರೀಕ್ಷೆ ನಡೆದಿದ್ದರೂ ಅದು ಮೂಲಕ್ಕೆ. ಕನ್ನಡ ಸಾಲು ಗಿರಾಕಿಯನ್ನು ತಂದಿತೇ ಎಂದು ಬೇರೆಯಾಗಿ ಎಣಿಸುವ ರೂಢಿ ಬೆಳೆಯಲಿಲ್ಲ. ಅದಕ್ಕೆ ದೊಡ್ಡ ಖರ್ಚೂ ಬೇಕಿಲ್ಲ. ಕನ್ನಡ ದೈನಿಕಗಳಿಗೆ ಊರೂರಿನ ಆವೃತ್ತಿಗಳಿವೆ. ಒಂದು ಶೀರ್ಷಿಕೆಯನ್ನು ಮೈಸೂರಿನಲ್ಲಿ, ಇನ್ನೊಂದನ್ನು ಹುಬ್ಬಳ್ಳಿಯಲ್ಲಿ ಬೇರೆ ಬೇರೆ ಫೋನ್ ನಂಬರಿನೊಂದಿಗೆ ಹಾಕಿ, ಮರುವಾರ ಅದಲುಬದಲು ಮಾಡಿ, ಬಂದ ಕರೆಗಳನ್ನು ಬರೆದಿಟ್ಟರೆ ಸಾಕು.